ಬಚ್ಚಲಗಲ್ಲು

ಕಾಡಿನ ಬಾಗಿಲಿಗೆ ಒಂದು ತಾಸು ಕಾದು ಚೀಟಿ ತಗೊಂಡ್ವಿ,
ಸಂಘದ ಹನ್ನೊಂದು ಮಂದಿ, ಡ್ರೈವರ್ ಮೈಬೂಬಸಾಬ,
ಒಂದು ಬುಟ್ಟಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ.
ಗಾರ್ಡು ನಮ್ಮ ಬಾಟ್ಲಿ ಎಣಿಸಿ ಬರಕೊಂಡ: ಆರು.
ತಿರುಗಿ ಬರೂಮುಂದ ಆರೂ ತೋರಿಸ್ಬೇಕಂತ.

ಗುಳೇದಗುಡ್ಡದಾಗ ಕುಣಿಮಗ್ಗಕ್ಕ ಕಾಲು ಇಳಿಬಿಟ್ಟು
ಇಪ್ಪತ್ತಾರು ವರ್ಷ ಕುಂತಾಕಿ ನಾನು.
ಕಣ್ಣು ಖಣದ ಮ್ಯಾಲೆ.
ಕಾಲಿಗೆ ಅದರದ ಬುದ್ಧಿ ಬ್ಯಾರೆ.

ಜೋಗ ಬಂಡಿಯಿಂದ ನೆಟ್ಟಗ ಉಸುಕಿಗೆ ಬೀಳತಿತ್ತು.
ನಮ್ಮ ಬಾದಾಮಿ ಅಕ್ಕ-ತಂಗಿ, ಮಳಿ ಜಡಿದ್ರ
ಎರಡು ದಿನ ಮಾತಾಡಿ, ಮುನಿಸಿಕೊಂಡು ಸುಮ್ಮನಾಗ್ತಾರ;
ಇಲ್ಲಿ ನೀರಿಗೆ ಮಾತು ಮುಗಿಯೂದ ಇಲ್ಲ.
ಬೊಗಸಿ ಒಡ್ಡಿ ಕುಡದೆ, ಸಿಹಿ.
ಅದರ ಹಿಂದ ಹತ್ತು ಹೆಜ್ಜಿ ನಡದು ಮತ್ತ ಕುಡದೆ,
ಉಗುಳಿದೆ.
ದಾನವ್ವ ನಗತಾ ನಗತಾ ಸೀರಿ ತೋಯಿಸಿಕೊಂಡಳು.

ಆಮ್ಯಾಲೆ ತೆರಿ ಹಿಂದ ಸರದು
ಬರೇ ಉಸುಕು ಉಳೀತು,
ಗೀರು ಗೀರು, ಸಣ್ಣ ಏಣು, ಸಣ್ಣ ತಗ್ಗು,
ಇನ್ನೂ ಹೊಕ್ಕು ಹಾಕದ ಹಾಸಿನ ಹಾಂಗ.
ಹಿಮ್ಮಡ ಇಟ್ಟೆ.
ಎಲ್ಲೋ ತುಳದೀನಿ ಇದನ್ನ.
"ಸಮುದ್ರ ಮೊದಲ ಸಲ ನೋಡಾಕತ್ತೀರೇನ್ರಿ?" ಅಂದ ಗಾರ್ಡು.
ಹೌದ್ರಿ, ಅಂದೆ.
ಕಾಲು ಹೂಂ ಅನಲಿಲ್ಲ.

ರಾತ್ರಿಯೆಲ್ಲಾ ಟೆಂಪೋ ಘಟ್ಟ ಏರತಿತ್ತು.
ಮಂದಿ ಒಬ್ಬರ ಮ್ಯಾಲೊಬ್ಬರು ಬಿದ್ದು ಮಲಗಿದ್ರೂ
ಹಿಮ್ಮಡ ಎಚ್ಚರಿತ್ತು,
ವಿಳಾಸ ಅಳಿಸಿದ ಟಪಾಲು ಹಿಡಕೊಂಡು
ಓಣಿ ಓಣಿ ತಿರುಗವನ ಹಾಂಗ.

ಮುಂಜಾನೆ ಎರಡು ಚರಿಗಿ ಮೈಮ್ಯಾಲೆ ಹಾಕ್ಕೊಂಡು
ಹಿಮ್ಮಡ ತಿಕ್ಕೂಮುಂದ
ಸಿಕ್ತು.

ಮದುವಿಯಾಗಿ ಬಂದಾಗಿಂದ ಇದ ಕಲ್ಲಿಗೆ ತಿಕ್ಕೀನಿ,
ನಮ್ಮ ಗುಡ್ಡದ ಕೆಂಪು ಹಾಸಗಲ್ಲು, ಗೀರು ಗೀರು.
ಬಚ್ಚಲದಾಗ ಕಾಲು ಜಾರಬಾರದಂತ
ಯಾವನೋ ಕಲ್ಲುಕುಟಿಗ ಹೊಡದಾನ ಅಂದ್ಕೊಂಡಿದ್ದೆ.
ಕುಂತು ಬೆರಳಾಡಿಸಿದೆ. ಉಳಿ ಏಟು ಒಂದೂ ಇಲ್ಲ.
ಒಂದು ತೆರಿ ಬಂದು ಹೋಗಿತ್ತು,
ತಿರುಗಿ ಬಂದು ಅಳಿಸೂದು ಮರತಿತ್ತು.

ಚೀಲದಾಗಿನ ಬಾಟ್ಲಿ ತಗದೆ, ಆರರಾಗಿಂದೊಂದು.
ಗಾರ್ಡು ಬಾಟ್ಲಿ ಎಣಿಸಿದ್ದ,
ಒಳಗೇನೈತಿ ಅಂತ ಕೇಳಿರಲಿಲ್ಲ.
ಸುರುವಿದೆ.
ಗೀರು ಹಿಡದು ನೀರು ಸಾಲು ಸಾಲು ಹರೀತು,
ಯಾರನ್ನೂ ದಾರಿ ಕೇಳಲಿಲ್ಲ.

"ಬಚ್ಚಲಕ್ಕ ಏನು ಸುರುವಿದೀ? ಮೀನ ನಾರಾಕತ್ತೈತಿ!"
ಅಡಗಿಮನಿಯಿಂದ ಅತ್ತಿ ಒದರಿದಳು.
ಇದು ಇಲ್ಲೀದ ವಾಸನಿ ಅತ್ತಿ, ಅನ್ನಾಕ ಹೋದೆ.
ಅನಲಿಲ್ಲ.
ಹಂಡೇದಿಂದ ಮತ್ತೆರಡು ಚರಿಗಿ ಮೊಗದು
ಎತ್ತರದಿಂದ ಹಾಕಿದೆ.