ಆರೋ, ಏಳೋ

ನವೆಂಬರ್ ಆರು. ಆಸ್ಪೆನ್ ಮರದ ಮೇಲೆ
ಹದಿನೆಂಟು ಅಡಿ ಎತ್ತರದಲ್ಲಿ, ಸೊಂಟಕ್ಕೆ ಪಟ್ಟಿ ಬಿಗಿದು,
ತೊಡೆಯ ಮೇಲೆ ರಾಟೆಗಳ ಬಿಲ್ಲು.
ಕೆಳಗೆ ಅವನು ಗೊರಸಿನಿಂದ ಕೆರೆದಿಟ್ಟ ನೆಲ:
ಎಲೆಯೆಲ್ಲ ಬದಿಗೆ, ಕಪ್ಪು ಮಣ್ಣು ಬತ್ತಲೆ,
ಉಚ್ಚೆಯ ಘಾಟು ಇಲ್ಲಿಯವರೆಗೂ.

ನಾನು ಕೌಂಟಿಯ ಹಿಮ ತಳ್ಳುವ ಲಾರಿ ಓಡಿಸುವವಳು.
ಹಿಮ ಇನ್ನೂ ಬಿದ್ದಿಲ್ಲ.
ಬೀಳುವ ತನಕ ಸಂಜೆಗಳು ನನ್ನವು.

ಮೊದಲು ಹೆಣ್ಣು ಬಂತು, ಬಾಲ ಓರೆ ಮಾಡಿ,
ಹಿಂದೆ ನೋಡುತ್ತ, ನೋಡಲಿಲ್ಲವೆಂಬಂತೆ ಹುಲ್ಲು ಮೂಸುತ್ತ.
ಆಮೇಲೆ ಅವನು.
ಕತ್ತು ಊದಿ ಭುಜಕ್ಕೇ ಸೇರಿಹೋಗಿದೆ,
ಮೂಗು ನೆಲದಲ್ಲಿ, ಗಂಟಲಲ್ಲಿ ಹಂದಿಯ ಗುರುಗುಟ್ಟು.
ಸೆಪ್ಟೆಂಬರಿನಲ್ಲಿ ನನ್ನ ಒಂದು ಕೆಮ್ಮಿಗೆ
ಎರಡು ಬೇಲಿ ಹಾರಿ ಮಾಯವಾದವನು
ಈಗ ನಾನು ಕೂತ ಮರಕ್ಕೇ ಕೊಂಬು ಉಜ್ಜಿದ.
ಮರ ನಡುಗಿತು. ಮರದ ಜೊತೆ ನಾನೂ.

ಎದೆ ಹೊಡೆದುಕೊಳ್ಳುತ್ತ ಹೆದೆ ಎಳೆದೆ.
ಬೆದೆಯಲ್ಲಿದ್ದವನಿಗೆ ಯಾವುದೂ ಕೇಳಲಿಲ್ಲ.
ನಡುವೆ ಅವಳು ನಿಂತಿದ್ದಳು,
ನಿಂತೇ ಇದ್ದಳು.
ನನ್ನ ತೋಳು ಉರಿದು, ಉರಿ ಬೆನ್ನಿಗಿಳಿದು,
ಕಡೆಗೆ ಅವಳು ಸರಿದಾಗ ಬಿಟ್ಟೆ.
ಬಿಟ್ಟ ಗಳಿಗೆಯಲ್ಲೇ ಅವಳ ಹಿಂದೆ
ಅವನೂ ಒಂದು ಹೆಜ್ಜೆ ಇಟ್ಟ.

ಒಂದೇ ಒಂದು ಹೆಜ್ಜೆ.

ರೈನೊ ಬಂದಾಗ ಕತ್ತಲಾಗಿತ್ತು.
ಎಲೆಗಳ ನಡುವೆ ಸಿಕ್ಕ ಬಾಣವನ್ನು ಟಾರ್ಚಿಗೆ ಹಿಡಿದ:
ಗುಲಾಬಿ ನೊರೆಯಿಲ್ಲ. ಕಂದು, ಜಿಗುಟು.
ಮೂಸಿದ. "ಹೊಟ್ಟೆ" ಅಂದ.
ಎಪ್ಪತ್ತೊಂದು ವರ್ಷದ ಮುದುಕ, ಬಯ್ಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.
"ಈಗ ಹಿಂದೆ ಬಿದ್ದರೆ ಓಡ್ತಾನೆ. ಬಿಟ್ಟರೆ ಮಲಗ್ತಾನೆ.
ಬೆಳಿಗ್ಗೆ ನೋಡೋಣ, ಲೆಂಪಿ."

ಆ ರಾತ್ರಿ ಅವನ ಮನೆಯವಳು ಸೌನಾ ಬಿಸಿ ಮಾಡಿದ್ದಳು.
ಕಲ್ಲಿನ ಮೇಲೆ ನೀರು ಚೆಲ್ಲಿದೆ, ಆವಿ ಎದ್ದಿತು,
ಬೆವರಲ್ಲಿ ಕೂತು ಹೊರಗಿನ ಚಳಿಯ ಲೆಕ್ಕ ಹಾಕಿದೆ.
ಪೂರ್ವಕ್ಕೆ ಕಯೋಟಿಗಳು ಊಳಿಟ್ಟವು.
ಆಮೇಲೆ ಸುಮ್ಮನಾದವು;
ಅದು ಇನ್ನೂ ಕೆಟ್ಟದ್ದು.

ಬೆಳಗಿನ ಇಬ್ಬನಿ ಗಟ್ಟಿಯಾಗಿತ್ತು.
ರಕ್ತ ಕಂಡಲ್ಲೆಲ್ಲ ರೈನೊ
ಕಡ್ಡಿಗೊಂದು ಬಿಳಿ ಕಾಗದದ ಚೂರು ಸಿಕ್ಕಿಸುತ್ತ ನಡೆದ.
ಐದು ಚೂರು. ಆಮೇಲೆ ತುಂಬ ದೂರ ಏನೂ ಇಲ್ಲ.
ಸೀಡರ್ ಜೌಗಿನ ಅಂಚಿನಲ್ಲಿ ಸದ್ದು ಕೇಳಿತು,
ಒಣ ಕಟ್ಟಿಗೆಗೆ ಒಣ ಕಟ್ಟಿಗೆ ತಾಗಿದ ಹಾಗೆ.

ಅವನು ಮಲಗಿದ್ದ.
ಎರಡು ಕವಲಿನ ಹುಡುಗನೊಬ್ಬ, ಕಿವಿ ಹಿಂದಕ್ಕೆ ಮಡಚಿ,
ಬೆನ್ನ ಕೂದಲು ನಿಮಿರಿಸಿ ಅವನೊಡನೆ ಕಾದುತ್ತಿದ್ದ.
ನುಗ್ಗುವುದು, ಕೊಂಬಿಗೆ ಕೊಂಬು ಸಿಕ್ಕಿಸಿ ತಿರುಚುವುದು,
ಹಿಂದೆ ಸರಿದು ಮತ್ತೆ ನುಗ್ಗುವುದು.
ಪ್ರತಿ ಸಲವೂ ಸತ್ತವನ ತಲೆ ತಿರುಗುತ್ತಿತ್ತು,
ಇನ್ನೂ ಬಿಟ್ಟುಕೊಟ್ಟಿಲ್ಲವೆಂಬಂತೆ.
ರೈನೊ ಚಪ್ಪಾಳೆ ತಟ್ಟಿದ.
ಹುಡುಗ ನಮ್ಮನ್ನು ನೋಡಿದ. ಲೆಕ್ಕಕ್ಕಿಡಲಿಲ್ಲ.
ಅವನಿಗೆ ಸಾಕಾದ ಮೇಲೆಯೇ ಹೋದದ್ದು,
ಗೆದ್ದವರ ನಡಿಗೆಯಲ್ಲಿ, ಹೆಣ್ಣು ಹೋದ ದಿಕ್ಕಿಗೆ.

ಹತ್ತಿರದಿಂದ ಅವನು ಸಣ್ಣಗಿದ್ದ.
ವಾರಗಟ್ಟಲೆ ಓಡಿ, ಮೇಯುವುದನ್ನೇ ಮರೆತು,
ಪಕ್ಕೆಲುಬು ಎಣಿಸಬಹುದಿತ್ತು.

ಪರವಾನಗಿಯ ಚೀಟಿ ತೆಗೆದೆ. ನಿಯಮ ಹೀಗಿದೆ:
ಕೊಂದ ತಿಂಗಳು, ಕೊಂದ ತಾರೀಖು
ಚಾಕುವಿನಿಂದ ಕತ್ತರಿಸಿ ಕೊಂಬಿಗೆ ಕಟ್ಟಬೇಕು.
ನವೆಂಬರ್ ಕತ್ತರಿಸಿದೆ.
ಆರರ ಮೇಲೆ ಮೊನೆ ಇಟ್ಟು ನಿಂತೆ.
ಬಾಣ ಬಿಟ್ಟದ್ದು ಆರು. ಅದು ನನಗೆ ಗೊತ್ತು.

"ಬೇಗ ಮಾಡು, ಕೈ ಮರಗಟ್ಟುತ್ತೆ" ಎಂದ ರೈನೊ.

ಕೈಗವಸು ಕಳಚಿ, ಮುಂಗಾಲಿನ ಸಂದಿಯಲ್ಲಿ,
ರೋಮ ತೆಳುವಾಗುವ ಕಡೆ, ಅಂಗೈ ತೂರಿಸಿದೆ.
ಬೆಚ್ಚಗಿತ್ತು.

ಏಳನ್ನು ಕತ್ತರಿಸಿದೆ.
ತುಂಡಾದ ಪುಟ್ಟ ತ್ರಿಕೋನ ಕಾಗದ
ಹೆಬ್ಬೆರಳಿಗೆ ಅಂಟಿಕೊಂಡಿತು, ಕೊಡವಿದರೂ ಬೀಳಲಿಲ್ಲ.