ಎರಡು ಬೆರಳು

ಪಂಕ್ತಿಯಾಗ ಕುಂತ್ರ ನಾ ಗಿಡ್ಡಿ.
ಬಡಸಾವ್ರು ಸಣ್ಣ ಹುಡುಗಿ ಅಂತ ತಿಳದು
ಅರ್ಧ ಹೋಳಿಗಿ ಹಾಕಿ ಮುಂದ ಹೋಗ್ತಾರ.
ಉಂಡು ಎದ್ದು ನಿಂತಾಗ
ತುಪ್ಪದ ಗಿಂಡಿ ಹಿಡಕೊಂಡಾವ
ತಲಿ ಎತ್ತಿ ನೋಡ್ತಾನ.

ಮಣ್ಣೆಲ್ಲ ಕಾಲಿಗೇ ಹೋತು,
ಮೈಗೆ ಉಳೀಲಿಲ್ಲ ಅಂತಿದ್ಲು ನಮ್ಮ ಆಯಿ.
ಕೈಯೂ ಮೋಟು.
ಬೆಟಗೇರಿ ಟೇಲರ್ ದಾನವ್ವ
ಟೇಪು ಹಿಡದು ಎರಡೆರಡು ಸಲ ಅಳದು
ಅಳತಿ ಬುಕ್ಕಿನಾಗ ನನ್ನ ಹೆಸರಿನ ಮುಂದ
ಪೆನ್ಸಿಲ್ಲಿನಿಂದ ಬರದಿದ್ಲು:
'ತಪ್ಪಲ್ಲ. ಖರೇನ ಹಿಂಗ ಐತಿ.'

ಬಸ್ ಪಾಸಿನ ಕಿಂಡಿ ಹಿಂದ ಹದಿನೆಂಟು ವರ್ಷ.
ಗದಗಿನ ಅರ್ಧ ಊರಿಗೆ ನಾ ಗಿಡ್ಡ ನೀಲಗಂಗಾ,
ಉಳದರ್ಧಕ್ಕ ಉದ್ದನಾಕಿ.

ಹುಬ್ಬಳ್ಳಿ ಕೊಪ್ಪೀಕರ ರೋಡಿನ ಗಾಜಿನ ಅಂಗಡಿಯಾಗ
ಹುಡುಗ ನನ್ನ ಅಡಿಯಿಂದ ಮುಡಿತನಕ ನೋಡಿ
ಐವತ್ತಾರು ಸೈಜು, ಮೇಡಂ, ಅಂದ.
ಕಾಲು ಹೂಂ ಅಂದ್ವು.
ಹ್ಯಾಂಡಲ್ ಮಾತ್ರ
ಬ್ಯಾರೆ ತಾಲೂಕಿನಾಗ ಇತ್ತು.
ನಲವತ್ತೆಂಟು ಏರಿದೆ, ಕೈ ಮುಟ್ಟಿದ್ವು,
ಮೊಣಕಾಲು ಬಂದು ಗದ್ದಕ್ಕ ಗುದ್ದಿದ್ವು.
ಲೇಡೀಸ್ ಮಾಡೆಲ್ ಐತಿ, ಬುಟ್ಟಿ ಫ್ರೀ, ಅಂದ.
ಬುಟ್ಟಿಯಾಗ ಏನ ಹಾಕ್ಲಿ,
ಹೆಚ್ಚಾದ ಕಾಲು?

ಕಡೀಕ, ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಒಬ್ಬ ಮಾರಿದ
ಹಳೇ ಉಕ್ಕಿನ ರೇಸಿಂಗ್ ಸೈಕಲ್,
ನೀಲಿ ಬಣ್ಣ, ನಾಲ್ಕೂವರಿ ಸಾವಿರ.
ಡಂಬಳದ ದಾರಿಯಾಗ ಮೂರು ತಿಂಗಳು ತುಳದೆ
ಅಟ್ಟದ ಮ್ಯಾಲಿನ ಡಬ್ಬಿಗೆ ಕೈ ಚಾಚಿದಾಕಿಯಂಗ.
ಕುತಗಿ ಹಿಡೀತು. ಕಿರಿಬೆರಳು ಜೋಮು.
ಕಿಂಡಿಯಾಗ ಸಿಕ್ಕಾ ಒತ್ತಾಕ ಹೋದ್ರ
ಸಿಕ್ಕಾನ ಕೈಜಾರಿ ಬಿತ್ತು.
ಸ್ಟೆಮ್ ಸಣ್ಣದು ಹಾಕಿಸಿದೆ,
ಹಗ್ಗ ಬಿಚ್ಚಿದ ಹೋರಿಕರದಂಗ ಹೊಯ್ದಾಡಿತು.
ಸೀಟು ಮುಂದ ಸರಿಸಿದೆ, ಮೊಣಕಾಲು ಬೈದ್ವು.
ರೂಢಿ ಆಗತೈತಿ ಅಂದ್ರು ಎಲ್ಲಾರೂ.
ಹೌದು, ರೂಢಿ ಭಾಳ ಐತಿ ನನಗ.

ಬೆಟಗೇರಿಯಾಗ ಮಗ್ಗದ ಸಾಮಾನು ಬೆಸಿಯೋ ಮಕ್ತುಂಸಾಬ
ನನ್ನ ಎತ್ತರ ಕೇಳಲಿಲ್ಲ.
ನಿಂದ್ರಬ್ಯಾಡ ಬಾಯಿ, ಕುಂದ್ರು, ಅಂದ.
ಸೀಟಿನ ಮ್ಯಾಲ ಕುಂತೆ.
ಹ್ಯಾಂಡಲ್ ಮರತುಬಿಡು. ಕಣ್ಣು ಮುಚ್ಚು.
ಕೈ ಎಲ್ಲಿ ನಿಲ್ತಾವೋ ನಿಲ್ಲಲಿ.

ನಿಂತ್ವು, ಗಾಳಿಯಾಗ,
ಯಾರದೋ ಮಗೂನ ಇಸಗೊಳ್ಳಾಕ ನಿಂತಂಗ.

ಸೀಟಿನಿಂದ ಅಲ್ಲೀತನಕ
ಹಾಸಿನ ಕೆಂಪು ನೂಲು ಎಳದ, ಗಂಟು ಹಾಕಿದ,
ಹ್ಯಾಂಡಲ್ ಕಡಿ ಹಿಡದು ನೋಡಿದ,
ಬಾಯಾಗಿನ ಎಲಿ ಆ ಕಡಿಂದ ಈ ಕಡಿ ಮಾಡಿ
ಎರಡು ಬೆರಳು ಹೆಚ್ಚಾಗೇತಿ, ಅಂದ.

ಪೈಪಿಗೆ ಅಂದ.
ನನಗಲ್ಲ.

ಹಂಗ ಯಾರೂ ಅಂದಿರಲಿಲ್ಲ.
ಎರಡನೇ ಸಲ ಕೇಳೋಣು ಅಂತ, ಏನು? ಅಂದೆ.
ಆಗಲೇ ಗರಗಸ ಹುಡುಕಾಕ ಹೋಗಿದ್ದ.

ಮ್ಯಾಲಿನ ಪೈಪು ಕೊಯ್ದ, ಕೆಳಗಿಂದೂ ಅದಕ್ಕ ತಕ್ಕಂಗ.
ಹಿತ್ತಾಳಿ ಕರಗಿ ಸಂದಿನಾಗ ಹರೀತು.
ಬೆಸುಗಿ ಸುತ್ತ ನೀಲಿ ಸುಟ್ಟು ಕಂದಾತು.
ಬಣ್ಣಾ ಬ್ಯಾಡ, ಹಂಗ ಇರಲಿ, ಅಂದೆ.
ತುಕ್ಕು ಹಿಡೀತೈತಿ ಅಂತ ಬೈದು
ಕೈಗೆ ಸಿಕ್ಕ ಹಸರು ಬಣ್ಣ ಬಳದ.

ಈಗೂ ಪೂರಾ ಸಮಾ ಇಲ್ಲ.
ಸಾವಕಾಶ ತಿರುಗುವಾಗ
ಬೂಟಿನ ತುದಿ ಮುಂದಿನ ಗಾಲಿಗೆ ತಾಗತೈತಿ.
ತಾಗಲಿ.
ಐತವಾರ ನಸುಕಿನ್ಯಾಗ
ಕಪ್ಪತಗುಡ್ಡದ ಗಾಳಿ ಎದಿಗೆ ಬಂದು ನಿಂತಾಗ
ತಲಿ ಬಗ್ಗಿಸ್ತೀನಿ, ಬೆನ್ನು ತಕರಾರು ಮಾಡೂದಿಲ್ಲ,
ಗುಡ್ಡದ ಮ್ಯಾಲಿನ ಗಾಳಿಯಂತ್ರಗಳು,
ಅವೂ ನನ್ನಂಗ, ಬರೀ ಕಾಲು,
ತಿರಗತಾವ.

ಕೊಯ್ದ ತುಂಡು ಮನಿಗೆ ತಂದೀನಿ.
ಎರಡು ಬೆರಳು ಉದ್ದ, ಒಳಗ ಟೊಳ್ಳು, ಅಂಚು ಚೂಪು.
ತುಟಿಗೆ ಹಚ್ಚಿ ಊದಿದ್ರ
ಕೆಟ್ಟ ಸಿಳ್ಳು ಬರತೈತಿ.
ಮಗ್ಗಲು ಮನಿ ನಾಯಿ ಎದ್ದು ಕುಂತು
ನನ್ನನ್ನ ನೋಡತೈತಿ.