ಕಪ್ಪಿಗೊಂದು ಕಪ್ಪ

ಗ್ದಿನಿಯಾ ಬಂದರಿನಲ್ಲಿ ಮೂರೂವರೆಗೇ ಕತ್ತಲು.
ಡಿಸೆಂಬರು ಇಲ್ಲಿ ಹಗಲನ್ನು
ಚಿಲ್ಲರೆಯಂತೆ ಎಣಿಸಿ ಕೊಡುತ್ತದೆ.
ಪಾಳಿ ಮುಗಿಸಿ, ಟ್ರಾಲಿಬಸ್ಸಿನಲ್ಲಿ ನಿಂತೇ ಬಂದು,
ಬೂಟು ಬಿಚ್ಚುವ ಮೊದಲೇ ಕಂಪ್ಯೂಟರಿನ ಗುಂಡಿ ಒತ್ತುತ್ತೇನೆ.
ಅದು ಏಳುವಷ್ಟರಲ್ಲಿ ಬೀಟ್ರೂಟಿನ ಸಾರು
ಕುದಿದು ಆರಿರುತ್ತದೆ, ಅಷ್ಟು ಮುದಿ.

ಇವತ್ತು ಕವಚ ಕೊಳ್ಳುವ ದಿನ.
ಮೂರು ವಾರ ಜೌಗಿನಲ್ಲಿ ಹೆಣಗಳ ಜೇಬು ತಡಕಿ
ಕೂಡಿಟ್ಟಿದ್ದೇನೆ ನಾಲ್ಕು ಸಾವಿರ ಹೊನ್ನು.

ಕಮ್ಮಾರನ ಅಂಗಡಿಯಲ್ಲಿ ಎರಡು ತೂಗುತ್ತಿವೆ.
ಒಂದು ಬೆಳ್ಳಿಯದು: ಬೆಂಕಿಗೆ ನಲವತ್ತು, ವಿಷಕ್ಕೆ ಮೂವತ್ತು,
ನಡುವಿಗೆ ಚಿನ್ನದ ಪಟ್ಟಿ, ಎದೆಯ ಮೇಲೆ ಸೂರ್ಯ,
ಮದುವೆ ಕೇಕಿನ ಮೇಲಿನ ಗೊಂಬೆಯ ಹಾಗೆ.
ಇನ್ನೊಂದು ಕಪ್ಪು.
ಬೆಂಕಿಗೆ ಬರೀ ಹನ್ನೊಂದು.
ಆದರೆ ಆ ಕಪ್ಪು!
ಮಸಿಯಲ್ಲ, ಕಾಡಿಗೆಯಲ್ಲ,
ಈಗಷ್ಟೇ ಆರಿದ ಬೆಸುಗೆಯ ಅಂಚಿನಲ್ಲಿ
ನೀಲಿ ಇನ್ನೂ ಹೋಗಲೋ ಬೇಡವೋ ಎನ್ನುತ್ತಿರುತ್ತದಲ್ಲ,
ಆ ಕಪ್ಪು.
ಭುಜಕೀರ್ತಿ ಎರಡೂ ಒಡೆದ ಹಡಗಿನ ಪಕ್ಕೆಲುಬು.
ಶಿರಸ್ತ್ರಾಣಕ್ಕೆ ಕಣ್ಣಿನ ಜಾಗದಲ್ಲಿ ಒಂದೇ ಒಂದು ಸೀಳು.

ತಂಡದ ಲೆಕ್ಕಿಗ, ಬ್ರ್ನೋ ಊರಿನ ಓಟಕರ್, ಕಿವಿಯಲ್ಲಿ ಗೊಣಗುತ್ತಾನೆ:
'ದೊಬ್ರೊಖ್ನಾ, ಅಂಕಿ ನೋಡು, ಅಂದ ನೋಡಬೇಡ.
ಡ್ರ್ಯಾಗನ್ ನಿನ್ನ ಬಣ್ಣ ಕೇಳಿಕೊಂಡು ಉಗುಳುವುದಿಲ್ಲ.'
ಅವನದು ಸರಿ. ಅವನದು ಯಾವಾಗಲೂ ಸರಿ.
ಅದಕ್ಕೇ ಅವನ ಯೋಧ ಕುಂಬಳದ ಬಣ್ಣದ ಚಡ್ಡಿ,
ಹಸಿರು ಟೋಪಿ, ಮೀನಿನ ಹುರುಪೆಯ ಕೈಗವಸು ತೊಟ್ಟು
ಒಣಹಾಕಿದ ಬಟ್ಟೆಯ ಹಗ್ಗಕ್ಕೆ ಸಿಕ್ಕಿಬಿದ್ದವನ ಹಾಗೆ
ಎಲ್ಲರಿಗಿಂತ ಕೊನೆಗೆ ಸಾಯುತ್ತಾನೆ.

ನನಗೂ ಗೊತ್ತು ಅಂಕಿ.
ಹಗಲೆಲ್ಲ ಅಂಕಿಯೇ: ಎಷ್ಟು ಆಂಪಿಯರು, ಎಷ್ಟು ಮಿಲಿಮೀಟರು,
ಕಣ್ಣಿಗೆ ಹನ್ನೊಂದನೇ ನಂಬರಿನ ಕಪ್ಪು ಗಾಜು.
(ಹೌದು, ಅದೇ ಹನ್ನೊಂದು.)
ಅದನ್ನು ಇಳಿಸಿದರೆ ಜಗತ್ತೆಲ್ಲ ಮಾಯ;
ಉಳಿಯುವುದು ಒಂದು ಹಸಿರು ಕಿಡಿ, ನನ್ನ ಉಸಿರು.
ಈ ವರ್ಷ ಮೇಸ್ತ್ರಿ ಹೊಸ ಜಾಕೆಟ್ಟು ಹಂಚಿದ:
ಕಿತ್ತಳೆ, ಬೆಳ್ಳಿಪಟ್ಟಿ, ಬೆನ್ನ ಮೇಲೆ ಕಂಪನಿಯ ಹೆಸರು.
'ಕ್ರೇನಿನವನಿಗೆ ನೀವು ಕಾಣಬೇಕು' ಎಂದ.
ಕಳೆದ ಚಳಿಗಾಲ ಲೂತ್ಸಿಯಾನ್ ಕಾಣಲಿಲ್ಲ.
ಅದರ ಬಗ್ಗೆ ನಾವು ಮಾತಾಡುವುದಿಲ್ಲ.

ಹಾಗಾಗಿ ಹಗಲು ನಾನು ಕಿತ್ತಳೆ,
ತೂಗುವ ಉಕ್ಕಿಗೆಲ್ಲ
'ಇಲ್ಲಿದ್ದೇನೆ, ಇಲ್ಲಿದ್ದೇನೆ' ಎನ್ನುವ ಬಣ್ಣ.
ರಾತ್ರಿಯಾದರೂ
ಯಾರ ಕಣ್ಣಿಗೂ ಬೀಳದೆ ಒಂದು ಕೋಟೆಯ ನೆರಳಲ್ಲಿ
ಗೋಡೆಗೆ ಗೋಡೆಯಾಗಿ ನಿಲ್ಲಬಾರದೆ?

ಕೊಂಡೆ. ಕಪ್ಪಿಗೊಂದು ಕಪ್ಪ ಒಪ್ಪಿಸಿಯೇ ಕೊಂಡೆ:
ಹೊನ್ನಷ್ಟೂ, ಮೇಲೆ
ಅಜ್ಜಿಯ ಹೆಸರಿಟ್ಟು ಸಾಕಿದ್ದ ಕುದುರೆಯನ್ನೂ.

ತೊಟ್ಟೆ. ಅಂಚಿನಿಂದ ಹೊಗೆ ಎದ್ದಿತು, ಎಳೆ ಎಳೆ,
ಎಷ್ಟು ಚಂದವೆಂದರೆ ಕಂಪ್ಯೂಟರಿಗೆ ಉಸಿರುಗಟ್ಟಿತು.
ಒಂದು ಹೆಜ್ಜೆ. ನಿಂತಿತು. ಇನ್ನರ್ಧ ಹೆಜ್ಜೆ.
ಫ್ಯಾನು ಹಡಗಿನ ಇಂಜಿನ್ನಿನಂತೆ ಮೊರೆದು
ತಟ್ಟೆಯಲ್ಲಿದ್ದ ಚಮಚ ನಡುಗಿತು.
ಓಟಕರ್ ನಗುತ್ತಾನೆ; ನಗಲಿ.
ಮೊದಲು ಹುಲ್ಲು ಅಳಿಸಿದೆ, ಆಮೇಲೆ ದೂರದ ಬೆಟ್ಟ,
ನೀರಲ್ಲಿ ಮೂಡುವ ಚಂದ್ರ, ಊರ ಜನರ ನೆರಳು.
ಒಂದೊಂದಾಗಿ ಲೋಕ ಬಡವಾಯಿತು
ನನ್ನ ಹೊಗೆಯೊಂದನ್ನು ಸಾಕಲು.

ಡ್ರ್ಯಾಗನ್ ಬಂತು.
ಬೆಂಕಿಗೆ ಹನ್ನೊಂದು ಎಂದರೆ ಎಷ್ಟೆಂದು
ಒಂಬತ್ತು ಸೆಕೆಂಡಿನಲ್ಲಿ ತಿಳಿಯಿತು.
ಆದರೂ ಬೀಳುವಾಗ ನೋಡಬೇಕಿತ್ತು ನೀವು:
ಮಂಡಿ ಮೊದಲು, ಆಮೇಲೆ ಭುಜಕೀರ್ತಿ,
ಹುಲ್ಲಿಲ್ಲದ ಬಯಲಲ್ಲಿ ಆರುತ್ತಿರುವ ಉಕ್ಕು,
ಅಂಚಿನಲ್ಲಿ ಆ ನೀಲಿ.

'ಬೆಳ್ಳಿಯದು ಕೊಂಡಿದ್ದರೆ...' ಎಂದ ಓಟಕರ್.
'ಬೆಳಗ್ಗೆ ನಾಲ್ಕೂವರೆಗೆ ಏಳಬೇಕು' ಎಂದೆ.

ಬಾಗಿಲ ಹಿಂದಿನ ಮೊಳೆಯಲ್ಲಿ ಕಿತ್ತಳೆ ಜಾಕೆಟ್ಟು.
ದೀಪ ಆರಿಸಿದ ಮೇಲೂ ಅದರ ಪಟ್ಟಿ ಮಾತ್ರ
ಬೀದಿಯಲ್ಲಿ ಹಾದ ಕೊನೆಯ ಬಸ್ಸಿನ ಬೆಳಕು ಹಿಡಿದು
ಒಮ್ಮೆ ಮಿನುಗಿತು.
ಸರಿ, ಕಂಡೆ, ಮಲಗು ಎಂದೆ ಅದಕ್ಕೆ.